ಲಾಳದ ಉಬ್ಬುಮೊಳೆ

ಕೈವಾರದ ಸೀಮೆಯಲ್ಲಿ ಎತ್ತಿಗೂ ಕುದುರೆಗೂ ಕಟ್ಟುವ ಕಬ್ಬಿಣದ ಹೆಸರು ಲಾಳವೆಂಬುದೊಂದೇ. ಎತ್ತಿನದು ಸೀಳುಗೊರಸು, ಕಾಲಿಗೆ ಎರಡು ಬಿಲ್ಲೆ. ಕುದುರೆಯದು ಒಂಟಿಗೊರಸು, ಬಾಗಿದ ಪಟ್ಟಿ ಒಂದೇ. 1791ರಲ್ಲಿ ನೆರೆಯ ನಂದಿದುರ್ಗ ಇಂಗ್ಲಿಷರ ಕೈಸೇರಿದ ಕಾಲಕ್ಕೆ ದಂಡಿನ ಕುದುರೆಗಳ ಕಾಲು ಕಾಯುತ್ತಿದ್ದವನು ನಾಲಬಂದ. ಆ ಕಸುಬು ಇಂದು ಹಲವು ಮನೆತನಗಳ ಹೆಸರಾಗಿಯೂ ಉಳಿದಿದೆ.

ಮಣ್ಣಿನ ಹಾದಿಯಲ್ಲಿ ಗೊರಸು ಸವೆಯದಿದ್ದರೆ ಸಾಕಾಗಿತ್ತು. ಡಾಂಬರು ಬಂದಮೇಲೆ, ನುಣುಪಾದ ಲಾಳವೇ ಜಟಕಾ ಕುದುರೆಯನ್ನು ಜಾರಿಸತೊಡಗಿತು. ಹಿಡಿತಕ್ಕೆ ಉಬ್ಬುಮೊಳೆ ಹಾಕಿದರಾಯಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ಒಂದೇ ಬದಿಗೆ ಹಾಕಿದರೆ ಗಟ್ಟಿನೆಲದ ಮೇಲೆ ಗೊರಸು ವಾಲಿ ಕೀಲು ನೋಯುತ್ತದೆ. ಹಿಮ್ಮಡಿಯನ್ನಷ್ಟೇ ಎತ್ತರಿಸಿದರೆ ಭಾರ ಮುಂದಕ್ಕೆ ಬೀಳುತ್ತದೆ. ಹಿಡಿತ ಅತಿಯಾದರೂ ಕೇಡೇ: ಊರಿದ ಗೊರಸು ತುಸು ಜಾರಿ ನಿಲ್ಲಬೇಕು, ತಟ್ಟನೆ ಕಚ್ಚಿಕೊಂಡರೆ ಪೆಟ್ಟು ಕಾಲಿಗೆ. ಜಿಗಿತದ ಪಂದ್ಯದ ಕುದುರೆಗಳಿಗೆ ಈಗ ತಿರುಪುಮೊಳೆ ಹಾಕಿ, ಆಟ ಮುಗಿಯುತ್ತಲೇ ಬಿಚ್ಚಿಬಿಡುವುದು ಇದಕ್ಕಾಗಿಯೇ.