ಹೇಮಕುಂಡದ ದಾರಿ ಮತ್ತು ಜೋನ್ ಲೆಗ್

ಹಿಮಾಲಯಕ್ಕೆ ಹೋಗಿಬಂದ ಹೆಂಗಸರು ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಬದರಿ, ಕೇದಾರ ಎಂದರೆ ಮನೆಯಲ್ಲಿ ಯಾರೂ ಬೇಡವೆನ್ನುವುದಿಲ್ಲ. ಪುಣ್ಯದ ಮಾತು ಬಂದಾಗ ಮಂಡಿನೋವಿಗೂ ರಿಯಾಯಿತಿ ಸಿಗುತ್ತದೆ. ಆದರೆ ‘ಬೆಟ್ಟ ಹತ್ತಿ ಒಂದು ಸರೋವರ ನೋಡಿಕೊಂಡು ಬರುತ್ತೇನೆ’ ಎಂದು ಐವತ್ತನಾಲ್ಕರ ಹೆಂಗಸು ಹೇಳಿ ನೋಡಲಿ! ನಾನು ಹೇಳಿದಾಗ ಮಗ ಕೇಳಿದ್ದು ಒಂದೇ ಮಾತು: ‘ಯಾಕಮ್ಮಾ, ಈ ವಯಸ್ಸಿಗೆ?’ ಅದಕ್ಕೆ ಉತ್ತರ ಹುಡುಕುತ್ತಾ ಆ ಜಾಗದ ಚರಿತ್ರೆ ಓದತೊಡಗಿದೆ.

ಜಾಗದ ಹೆಸರು ಹೇಮಕುಂಡ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರಿಯ ದಾರಿಯಲ್ಲಿ ಸಿಗುವ ಗೋವಿಂದಘಾಟ್‌ನಿಂದ ಪಕ್ಕಕ್ಕೆ ತಿರುಗಿದರೆ ಭ್ಯೂಂಡಾರ್ ಕಣಿವೆ. ಅದರ ಮೇಲ್ಗಡೆ ಘಾಂಗರಿಯಾ ಎಂಬ ಪುಟ್ಟ ಬಿಡಾರ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಹೂವಿನ ಕಣಿವೆಗೆ, ಇನ್ನೊಂದು ಹದಿನಾಲ್ಕು ಸಾವಿರ ಅಡಿಗೂ ಮೇಲಿರುವ ಸರೋವರಕ್ಕೆ.

1930ರ ದಶಕದಲ್ಲಿ ಈ ಎರಡು ಜಾಗಗಳನ್ನೂ ಹೊರಗಿನವರು ‘ಕಂಡುಹಿಡಿದರು’. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಹಿಂತಿರುಗುತ್ತಿದ್ದ ಇಂಗ್ಲೆಂಡಿನ ಫ್ರಾಂಕ್ ಸ್ಮೈತ್ ತಂಡ ಮಳೆಯಲ್ಲಿ ಕಣಿವೆಗೆ ಇಳಿದು ಹೂಗಳನ್ನು ಕಂಡು ಬೆರಗಾಯಿತು. 1937ರಲ್ಲಿ ಮತ್ತೆ ಬಂದ ಸ್ಮೈತ್ ಮರುವರ್ಷ ಪುಸ್ತಕ ಬರೆದರು. ಹೂವಿನ ಕಣಿವೆ ಎಂಬ ಹೆಸರು ಜಗತ್ತಿಗೆ ಗೊತ್ತಾದದ್ದು ಹಾಗೆ. ಅದೇ ದಶಕದಲ್ಲಿ ಸಂತ ಸೋಹನ್ ಸಿಂಗ್, ಗುರು ಗೋವಿಂದ ಸಿಂಗರ ಹೆಸರಿನಲ್ಲಿರುವ ‘ಬಚಿತ್ತರ್ ನಾಟಕ’ದಲ್ಲಿ ಬರುವ ಏಳು ಶಿಖರಗಳ ಹೇಮಕುಂಡವನ್ನು ಹುಡುಕುತ್ತಾ ಈ ಸರೋವರಕ್ಕೆ ಬಂದರು. ಇಂದು ದಡದಲ್ಲಿ ದೊಡ್ಡ ಗುರುದ್ವಾರವೇ ಇದೆ.

ಭ್ಯೂಂಡಾರಿನ ಜನ ಇದನ್ನು ಓದಿದರೆ ನಗುತ್ತಾರೇನೋ. ಅವರಿಗೆ ಆ ಸರೋವರ ಲೋಕಪಾಲ. ಅಲ್ಲಿ ಲಕ್ಷ್ಮಣನ ಗುಡಿ. ಬ್ರಹ್ಮಕಮಲ ನಂದಾದೇವಿಯ ಹೂವು. ಹೂವಿನ ಕಣಿವೆ ಅವರ ಕುರಿಗಳ ಬೇಸಿಗೆಯ ಹುಲ್ಲುಗಾವಲು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಗಿ ಕುರಿ ಮೇಯಿಸುವುದು ನಿಂತಿತು. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಒಬ್ಬರು ಕಂಡುಹಿಡಿದದ್ದು ಇನ್ನೊಬ್ಬರ ಹಿತ್ತಿಲಾಗಿರುತ್ತದೆ ಎಂಬುದನ್ನು ಚರಿತ್ರೆ ಓದುವಾಗ ನಾವು ಮರೆಯಬಾರದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಹೆಸರು: ಜೋನ್ ಮಾರ್ಗರೆಟ್ ಲೆಗ್. 1885ರಲ್ಲಿ ಹುಟ್ಟಿದ ಆಕೆ ಇಂಗ್ಲೆಂಡಿನ ಅರ್ಲ್ ಒಬ್ಬರ ಮಗಳು. 1939ರಲ್ಲಿ ಸಸ್ಯಗಳನ್ನು ಸಂಗ್ರಹಿಸಲು ಈ ಕಣಿವೆಗೆ ಬಂದಳು. ಆಗ ಜೋಶಿಮಠದವರೆಗೂ ಮೋಟಾರು ರಸ್ತೆ ಇರಲಿಲ್ಲ. ದಿನಗಟ್ಟಲೆ ನಡೆದೇ ಬರಬೇಕಾಗಿತ್ತು. ಜುಲೈ 4ರಂದು ಹೂ ಆರಿಸುತ್ತಾ ಬಂಡೆಗಳ ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದು ತೀರಿಕೊಂಡಳು. ಕಣಿವೆಯಲ್ಲೇ ಮಣ್ಣು ಮಾಡಿದರು. ಆಮೇಲೆ ಅಕ್ಕತಂಗಿಯರಲ್ಲಿ ಒಬ್ಬಳು ಅಷ್ಟು ದೂರ ಬಂದು ಸಮಾಧಿಗೆ ಕಲ್ಲು ಹಾಕಿಸಿದಳು. ಅದು ಇಂದಿಗೂ ಹೂಗಳ ನಡುವೆ ಇದೆ.

ಲೆಕ್ಕ ಹಾಕಿದೆ. ಐವತ್ತನಾಲ್ಕು! ‘ನೋಡು, ಬಿದ್ದು ಸತ್ತಳಲ್ಲ’ ಎಂದು ಮನೆಯವರು ಹೇಳುವುದಕ್ಕೂ ಇದೇ ಕಥೆ ಸಾಕು. ನನಗೆ ಕಂಡದ್ದು ಬೇರೆ. ಆ ವಯಸ್ಸಿನಲ್ಲೂ ಆಕೆಗೆ ತಿಳಿದುಕೊಳ್ಳುವ ಆಸೆ ಉಳಿದಿತ್ತು. ನಮ್ಮಲ್ಲಿ ಎಷ್ಟು ಹೆಂಗಸರ ಆಸೆ ಬಾಣಂತನ, ಮದುವೆ, ಮೊಮ್ಮಕ್ಕಳ ಸರದಿಯಲ್ಲಿ ಸದ್ದಿಲ್ಲದೆ ಆರಿಹೋಗುತ್ತದೆ! ಹಾಗೆಂದು ಸಾವನ್ನು ಸಾಹಸವೆಂದು ಹೊಗಳಲಾರೆ. ಆಕೆಯ ಆಸೆ ನಮಗಿರಲಿ, ಎಚ್ಚರ ಇನ್ನೂ ಹೆಚ್ಚಿರಲಿ.

ಆದ್ದರಿಂದ ಮದುವೆ ಮನೆಯ ಸಾಮಾನಿನ ಚೀಟಿಯಂತೆ ನಮ್ಮ ಯೋಜನೆ ಬರೆದಿದ್ದೇವೆ. ನಾನು, ನಮ್ಮ ಬೀದಿಯ ಟೀಚರಮ್ಮ, ಆಕೆಯ ನಾದಿನಿ, ಮೂವರು. ಬ್ರಹ್ಮಕಮಲ ಬೇಕಾದರೆ ಆಗಸ್ಟ್. ಜೂನ್‌ನಲ್ಲಿ ಸರೋವರದಲ್ಲಿ ಇನ್ನೂ ಹಿಮಗಡ್ಡೆ ಇರಬಹುದು. ಆದರೆ ಆಗಸ್ಟ್ ಎಂದರೆ ಮಳೆ, ರಸ್ತೆಯಲ್ಲಿ ಗುಡ್ಡ ಕುಸಿತ. ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು. 2013ರ ಜೂನ್ ಪ್ರವಾಹ ಗೋವಿಂದಘಾಟ್‌ನ ಸೇತುವೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ನಮ್ಮ ಮುಳ್ಳಯ್ಯನಗಿರಿ 6,300 ಅಡಿ. ಘಾಂಗರಿಯಾವೇ ಸುಮಾರು ಹತ್ತು ಸಾವಿರ. ಹಾಗಾಗಿ ಅಲ್ಲಿ ಒಂದು ದಿನ ಉಳಿದು ಹೂವಿನ ಕಣಿವೆಯಲ್ಲಿ ಲೆಗ್‌ಳ ಸಮಾಧಿಯವರೆಗೆ ನಿಧಾನವಾಗಿ ನಡೆಯುವುದು. ಉಸಿರಿಗೆ ಅಭ್ಯಾಸವೂ ಆಗುತ್ತದೆ.

ಮರುದಿನ ಬೆಳಗಿನ ಐದಕ್ಕೆ ಸರೋವರಕ್ಕೆ. ಆರು ಕಿಲೋಮೀಟರ್ ಅಷ್ಟೇ, ಆದರೆ ಪೂರ್ತಿ ಏರು. ರಾತ್ರಿ ಮೇಲೆ ಉಳಿಯುವ ಹಾಗಿಲ್ಲವಾದ್ದರಿಂದ ಮಧ್ಯಾಹ್ನ ಇಳಿಯಲೇಬೇಕು. ಬೆಚ್ಚನೆಯ ಬಟ್ಟೆ, ಮಳೆಯಂಗಿ, ಊರುಗೋಲು, ಹಿಡಿತವಿರುವ ಬೂಟು; ಸೀರೆಗೆ ರಜೆ. ತಿನ್ನಲು ಚಕ್ಕುಲಿ, ಕೊಬ್ಬರಿಮಿಠಾಯಿ. ಮೇಲೆ ಗುರುದ್ವಾರದಲ್ಲಿ ಬಿಸಿ ಖಿಚಡಿ, ಚಹಾ ಕೊಡುತ್ತಾರೆ. ತಲೆ ಸಿಡಿದರೆ, ವಾಂತಿ ಬಂದರೆ ಹಠ ಬೇಡ, ಮೂವರೂ ಕೆಳಗೆ.

2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಗೋವಿಂದಘಾಟ್‌ನಿಂದ ಹೇಮಕುಂಡಕ್ಕೆ 12.4 ಕಿಲೋಮೀಟರ್ ರೋಪ್‌ವೇಗೆ ಒಪ್ಪಿಗೆ ಕೊಟ್ಟಿತು. ನಡೆಯಲಾಗದವರಿಗೆ ಒಳ್ಳೆಯದೇ. ಆದರೆ ಮಂಡಿ ಮಾತು ಕೇಳುತ್ತಿರುವಷ್ಟು ದಿನ ನಡೆದೇ ನೋಡೋಣ ಎಂದು ಮೂವರೂ ಒಪ್ಪಿದ್ದೇವೆ. ಮಗನಿಗೂ ಉತ್ತರ ಸಿಕ್ಕಿದೆ: ‘ಈ ವಯಸ್ಸಿಗೇ ಕಣಪ್ಪಾ, ಇದಕ್ಕಿಂತ ಮುಂಚೆ ನನಗೆ ಬಿಡುವೆಲ್ಲಿತ್ತು?’