ನೆಲವನ್ನೇ ಎತ್ತಿದ ಊರು

ಮನೆ ಕಟ್ಟುವವನು ತನ್ನ ಗೋಡೆ ಗಟ್ಟಿಯಾಗಿದ್ದರೆ ಸಾಕೆಂದುಕೊಳ್ಳುತ್ತಾನೆ. ನೆರೆಮನೆಯ ಗೋಡೆಯ ಚಿಂತೆ ಅವನಿಗೇಕೆ? ಈ ಲೋಕರೂಢಿಯ ವಿವೇಕ ಎಷ್ಟು ದೂರ ನಡೆದೀತೆಂಬುದನ್ನು ಅರಿಯಬೇಕಾದರೆ ಅಮೆರಿಕೆಯ ಟೆಕ್ಸಾಸ್ ಸಂಸ್ಥಾನದ ಗ್ಯಾಲ್ವಸ್ಟನ್ ನಗರದ ಚರಿತ್ರೆಯನ್ನು ನೋಡಬೇಕು.

ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ ಮರಳಿನ ಪಟ್ಟಿಯಂತೆ ಚಾಚಿಕೊಂಡಿರುವ ದ್ವೀಪ ಅದು. 1900ರಲ್ಲಿ ಅಲ್ಲಿದ್ದವರು ಸುಮಾರು 38,000 ಜನ. ಹತ್ತಿಯ ವ್ಯಾಪಾರದಿಂದ ಸಿರಿವಂತವಾಗಿದ್ದ ಈ ಊರಿನ ಅತ್ಯಂತ ಎತ್ತರದ ನೆಲವೂ ಸಮುದ್ರಮಟ್ಟದಿಂದ 9 ಅಡಿ ಮೇಲಿರಲಿಲ್ಲ. ಅದೇ ಕರಾವಳಿಯ ಇಂಡಿಯನೋಲಾ ಎಂಬ ರೇವುಪಟ್ಟಣ 1875ರಲ್ಲಿ ಒಮ್ಮೆ, 1886ರಲ್ಲಿ ಮತ್ತೊಮ್ಮೆ ಚಂಡಮಾರುತಕ್ಕೆ ಸಿಕ್ಕಿ ಹಾಳುಬಿದ್ದಿತ್ತು. ಅದನ್ನು ಕಂಡು ಗ್ಯಾಲ್ವಸ್ಟನ್ನಿನ ಕೆಲವರು ಕಡಲಿಗೊಂದು ತಡೆಗೋಡೆ ಬೇಕೆಂದರು. ಆದರೆ ಗೋಡೆ ಏಳಲಿಲ್ಲ. ಅಂಥ ಗಾಳಿಯಿಂದ ಈ ಊರಿಗೆ ಭಾರಿ ಹಾನಿಯಾದೀತೆಂಬುದು ಬರಿಯ ಭ್ರಮೆಯೆಂದು ಅಲ್ಲಿನ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ 1891ರಲ್ಲಿ ಪತ್ರಿಕೆಯಲ್ಲಿ ಬರೆದನು. ಬಲ್ಲವನ ಮಾತು, ನಂಬಲು ಹಿತವಾಗಿಯೂ ಇತ್ತು.

1900ರ ಸೆಪ್ಟೆಂಬರ್ 8ರಂದು ಸುಮಾರು 15 ಅಡಿ ಎತ್ತರಕ್ಕೆ ಉಬ್ಬಿದ ಕಡಲು ಊರನ್ನು ಹೊಕ್ಕಿತು. ಮನೆಗಳನ್ನು ಕೆಡವಿದ್ದು ಗಾಳಿ ನೀರುಗಳಷ್ಟೇ ಅಲ್ಲ. ಕಡಲಂಚಿನ ಮರದ ಮನೆಗಳು ಮೊದಲು ಮುರಿದವು; ಅವುಗಳ ತೊಲೆ ಹಲಗೆಗಳನ್ನು ಅಲೆಗಳು ಹೊತ್ತು ಎರಡನೆಯ ಸಾಲಿಗೆ ಬಡಿದವು; ಆ ಸಾಲು ಮುರಿದು ಮೂರನೆಯದಕ್ಕೆ ಮೃತ್ಯುವಾಯಿತು. ಕ್ಲೈನನ ಮನೆ ಭದ್ರವೆಂದು ನಂಬಿ ಸುಮಾರು 50 ಮಂದಿ ಅಲ್ಲಿ ಸೇರಿದ್ದರು. ಟ್ರಾಮ್ ಹಳಿಯ ಕಟ್ಟೊಂದು ತೇಲಿಬಂದು ಬಡಿದು ಆ ಮನೆಯೂ ಉರುಳಿತು. ಅವನ ಹೆಂಡತಿ ನೀರುಪಾಲಾದಳು. ಕೊನೆಗೆ ಮುರಿದ ಮನೆಗಳ ರಾಶಿಯೇ ಗೋಡೆಯಂತೆ ನಿಂತು ಹಿಂದಿನ ಬೀದಿಗಳನ್ನು ಉಳಿಸಿತು. ಸತ್ತವರು 6,000ಕ್ಕೆ ಕಡಿಮೆಯಿಲ್ಲ. 8,000 ಎಂಬ ಲೆಕ್ಕವೂ ಉಂಟು.

ಉಳಿದವರಿಗೆ ಬುದ್ಧಿ ಬಂದಿತ್ತು. 17 ಅಡಿ ಎತ್ತರದ ಕಾಂಕ್ರೀಟು ಗೋಡೆಯ ಕೆಲಸ 1902ರಲ್ಲಿ ಮೊದಲಾಗಿ, 1904ರ ಹೊತ್ತಿಗೆ 3 ಮೈಲಿಗಿಂತ ಹೆಚ್ಚು ಉದ್ದಕ್ಕೆ ಮುಗಿಯಿತು. ಆದರೆ ನನ್ನ ಮನಸ್ಸಿಗೆ ನಾಟಿರುವುದು ಆ ಗೋಡೆಗಿಂತ ಅದರ ಹಿಂದೆ ನಡೆದ ಕೆಲಸ. ಊರಿನ ನೆಲವನ್ನೇ ಎತ್ತರಿಸಲು ಹೊರಟರು! ಸುಮಾರು 2,000 ಕಟ್ಟಡಗಳನ್ನು ಜಾಕಿಗಳಿಂದ ಮೇಲೆತ್ತಿ, ಕಡಲಡಿಯ ಮರಳನ್ನು ನೀರಿನೊಡನೆ ಕೊಳವೆಯಲ್ಲಿ ಹರಿಸಿ ಕೆಳಗೆ ತುಂಬಿದರು. ನೀರು ಹರಿದುಹೋಯಿತು, ಮರಳು ನಿಂತಿತು. 3,000 ಟನ್ನಿನ ಸೇಂಟ್ ಪ್ಯಾಟ್ರಿಕ್ ಚರ್ಚನ್ನು 700 ಜಾಕಿಗಳಿಟ್ಟು 5 ಅಡಿ ಎತ್ತಿದರು. ಮರಳು ತುಂಬುವ ವೆಚ್ಚ ಸಾರ್ವಜನಿಕರದು. ತನ್ನ ಮನೆಯನ್ನೆತ್ತುವ ವೆಚ್ಚ ಒಡೆಯನದೇ. ಎತ್ತಲಾಗದ ಕೆಲವು ಕಟ್ಟಡಗಳ ಕೆಳಭಾಗ ಹೂತೇ ಹೋಯಿತು. ಕೆಲಸ ಮುಗಿಯುವವರೆಗೆ ಜನ ಮನೆಯಿಂದ ಮನೆಗೆ ಹಲಗೆಯ ಅಟ್ಟಣೆಗಳ ಮೇಲೆ ಓಡಾಡಿದರು. ಒಂದೆರಡು ದಿನವಲ್ಲ, ವರ್ಷಗಟ್ಟಲೆ! ತನ್ನ ಮನೆ ಉಳಿಯಬೇಕಾದರೆ ನೆರೆಯವನ ಮನೆಯೂ ಏಳಬೇಕೆಂಬುದು ಅವರಿಗೆ ಮನವರಿಕೆಯಾಗಿತ್ತು.

ಪರೀಕ್ಷೆ 1915ರಲ್ಲಿ ಬಂದಿತು. ಮೊದಲಿನಷ್ಟೇ ಬಿರುಸಿನ ಚಂಡಮಾರುತ ಎರಗಿತು, ಗೋಡೆ ನಿಂತಿತು. ಗೋಡೆಯ ಮರೆಯಲ್ಲಿದ್ದ ನಗರದಲ್ಲಿ ಈ ಬಾರಿ ಜೀವ ತೆತ್ತವರು ಕೆಲವೇ ಮಂದಿ.

ಹಾಗೆಂದು ಕಥೆ ಅಲ್ಲಿಗೆ ಮುಗಿಯಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಐಕ್ ಎಂಬ ಚಂಡಮಾರುತ ಬಂದಾಗ ನೀರು ದ್ವೀಪದ ಹಿಂಬದಿಯ ಖಾರಿಯಿಂದ ಊರೊಳಗೆ ನುಗ್ಗಿತು. ಹಿರಿಯರು ಎದೆಯ ಕಡೆಗೆ ಗೋಡೆ ಕಟ್ಟಿ ಹೋಗಿದ್ದರು. ಬೆನ್ನಿನ ಕಡೆಯ ಕಾವಲು ಈ ತಲೆಮಾರಿನ ಪಾಲಿಗೆ ಉಳಿಯಿತು.