ಗಾಳಿ ಅಡಗಿದ ಮೇಲೆ: ಗ್ಯಾಲ್ವೆಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ವರೆಗೆ ಅಮೆರಿಕದ ಸೇನಾ ಎಂಜಿನಿಯರ್‌ಗಳು

1900ರ ಸೆಪ್ಟೆಂಬರ್ 8ರಂದು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ದ್ವೀಪಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಕನಿಷ್ಠ ಆರು ಸಾವಿರ ಜನ ಸತ್ತರು. ಆ ಊರಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಒಂಬತ್ತು ಅಡಿ ಮೇಲಿರಲಿಲ್ಲ. ಏರಿಬಂದ ಕಡಲು ಹದಿನೈದು ಅಡಿ ಮುಟ್ಟಿತ್ತು. ಬದುಕುಳಿದವರು ಊರು ಬಿಡಲಿಲ್ಲ. ಮುಂದೇನು ಎಂದು ಹೇಳಲು ಮೂವರು ಎಂಜಿನಿಯರ್‌ಗಳನ್ನು ಕರೆಸಿಕೊಂಡರು. ಅವರಲ್ಲೊಬ್ಬರು ಸೇನೆಯ ಎಂಜಿನಿಯರಿಂಗ್ ದಳದಿಂದ ಆಗಷ್ಟೇ ನಿವೃತ್ತರಾಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್. ಅಮೆರಿಕದ ಸಂಘಸಂಸ್ಥೆಗಳು ಸಭೆ ನಡೆಸಲು ಇವತ್ತಿಗೂ ನೆಚ್ಚಿಕೊಂಡಿರುವ ನಿಯಮಗಳ ಪುಸ್ತಕವನ್ನು 1876ರಲ್ಲಿ ಬರೆದವರೂ ಇವರೇ.

1902ರ ಜನವರಿಯಲ್ಲಿ ಸಮಿತಿ ಕೊಟ್ಟ ಸಲಹೆಗಳು ಎರಡು: ಕಡಲಿಗೆ ಎದುರಾಗಿ 17 ಅಡಿ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಬೇಕು, ಗೋಡೆಯ ಹಿಂದಿರುವ ಊರನ್ನೇ ಎತ್ತರಿಸಬೇಕು. ಮೂರು ಮೈಲಿಯಷ್ಟು ಗೋಡೆ 1904ರ ಹೊತ್ತಿಗೆ ಎದ್ದು ನಿಂತಿತು. ಅದರ ಪಕ್ಕದ ಕೋಟೆ ಪ್ರದೇಶಕ್ಕೆ ಸೇನಾ ಎಂಜಿನಿಯರ್‌ಗಳೇ ಗೋಡೆಯನ್ನು ಮುಂದುವರಿಸಿದರು.

ಊರು ಎತ್ತರಿಸಿದ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಗಳ ನಡುವೆಯೇ ಕಾಲುವೆ ತೋಡಿ ಹೂಳೆತ್ತುವ ಹಡಗುಗಳನ್ನು ಒಳಗೆ ತಂದರು. ನೀರು ಬೆರೆತ ಮರಳನ್ನು ಕೊಳವೆಗಳಿಂದ ಹರಿಸಿದರು. ನೀರು ಬಸಿದುಹೋಗಿ ಮರಳು ಉಳಿಯುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕ್ ಕೊಟ್ಟು ಮೇಲೆತ್ತಲಾಯಿತು. ಸುಮಾರು ಮೂರು ಸಾವಿರ ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚ್ ಐದು ಅಡಿ ಮೇಲೇರಿತು, ಒಳಗೆ ಪ್ರಾರ್ಥನೆಯೂ ನಡೆಯುತ್ತಿತ್ತು. ಜನ ವರ್ಷಗಟ್ಟಲೆ ಎತ್ತರದ ಹಲಗೆದಾರಿಗಳ ಮೇಲೆ ಓಡಾಡಿದರು. ಮರಗಿಡಗಳು ಉಪ್ಪುಮರಳಿನಡಿ ಸತ್ತವು. ಮರಳು ತುಂಬಿಸಿದ್ದು ಸಾರ್ವಜನಿಕ ಹಣದಿಂದ. ಮನೆ ಎತ್ತಿಸುವ ಖರ್ಚು ಮಾತ್ರ ಮಾಲೀಕರದೇ. 1911ರವರೆಗೆ ಇದು ನಡೆಯಿತು. 1915ರಲ್ಲಿ ಅಷ್ಟೇ ಬಿರುಸಿನ ಚಂಡಮಾರುತ ಬಂದಾಗ ಗ್ಯಾಲ್ವೆಸ್ಟನ್‌ನ ಸಾವುಗಳು ಹಿಂದಿನದರ ಒಂದು ಸಣ್ಣ ಪಾಲಿನಷ್ಟೂ ಇರಲಿಲ್ಲ.

ಸೇನಾ ಎಂಜಿನಿಯರ್‌ಗಳ ನೆರವು ಎಂದಾಗ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಹೆಲಿಕಾಪ್ಟರು, ಪಂಪು, ಮರಳಿನ ಚೀಲ. ಊರೊಂದು ಚೇತರಿಸಿಕೊಳ್ಳುವುದು ಮಾತ್ರ ಗಾಳಿ ಅಡಗಿದ ನಂತರದ ಹತ್ತು ವರ್ಷಗಳಲ್ಲಿ ಏನು ಕಟ್ಟಿದರು, ಯಾರ ದುಡ್ಡಿನಲ್ಲಿ ಕಟ್ಟಿದರು, ಯಾರನ್ನು ಗೋಡೆಯ ಹೊರಗೆ ಬಿಟ್ಟರು ಎಂಬುದರ ಮೇಲೆ ನಿಂತಿದೆ. ಸೇನೆಯ ಎಂಜಿನಿಯರಿಂಗ್ ದಳದ ಶತಮಾನದ ಇತಿಹಾಸ ಅದನ್ನೇ ತೋರಿಸುತ್ತದೆ. ಅಂದಹಾಗೆ, ಹೆಸರಿನಲ್ಲಿ ಸೇನೆಯಿದ್ದರೂ ದಳದ ಮೂವತ್ತು ಸಾವಿರಕ್ಕೂ ಹೆಚ್ಚು ನೌಕರರಲ್ಲಿ ಸಮವಸ್ತ್ರದವರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ನಾಗರಿಕರು.

1928ರಲ್ಲಿ ಫ್ಲಾರಿಡಾದ ಓಕೀಚೋಬೀ ಸರೋವರದ ಮಣ್ಣಿನ ಒಡ್ಡು ಒಡೆದು 2,500ಕ್ಕೂ ಹೆಚ್ಚು ಜನ ಮುಳುಗಿಹೋದರು. ಹೆಚ್ಚಿನವರು ಕಪ್ಪು ಜನಾಂಗದ ಕೃಷಿ ಕೂಲಿಗಳು. ಆಮೇಲೆ ಸರೋವರದ ಸುತ್ತ ಭಾರಿ ಒಡ್ಡು ಕಟ್ಟುವ ಹೊಣೆ ಈ ದಳಕ್ಕೆ ಬಂತು. ಅದು ಬೆಳೆದು 143 ಮೈಲಿಯಾಗಿದೆ. ಕಾನೂನಿನ ಆಸರೆ ನಿಧಾನವಾಗಿ ಒದಗಿತು. 1955ರ ಕಾಯ್ದೆ ಪ್ರವಾಹದ ತುರ್ತಿನಲ್ಲಿ ದಳ ತಾನೇ ಮುಂದಾಗಲು ಅವಕಾಶ ಕೊಟ್ಟಿತು. 1988ರ ಸ್ಟಾಫರ್ಡ್ ಕಾಯ್ದೆಯ ವ್ಯವಸ್ಥೆಯಲ್ಲಿ ಕೇಂದ್ರದ ವಿಪತ್ತು ಸಂಸ್ಥೆ ಫೀಮಾ ಕೆಲಸ ವಹಿಸಿ ಹಣ ಕೊಡುತ್ತದೆ, ದಳ ಮಾಡಿ ಮುಗಿಸುತ್ತದೆ.

ನ್ಯೂ ಆರ್ಲಿಯನ್ಸ್‌ನ ಕಥೆ ಹೆಚ್ಚು ನೋವಿನದು. 1965ರ ಬೆಟ್ಸಿ ಚಂಡಮಾರುತದ ನಂತರ ನಗರಕ್ಕೆ ರಕ್ಷಣೆ ಕಟ್ಟುವಂತೆ ಸಂಸತ್ತು ದಳಕ್ಕೆ ಆದೇಶಿಸಿತು. ಹದಿಮೂರು ವರ್ಷದ ಅಂದಾಜಿನ ಕೆಲಸ ನಲವತ್ತು ವರ್ಷವಾದರೂ ಮುಗಿದಿರಲಿಲ್ಲ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂತು, ನಗರದ ಶೇ. 80 ಭಾಗ ಮುಳುಗಿತು. 17ನೇ ಬೀದಿಯ ಕಾಲುವೆ ಮತ್ತು ಲಂಡನ್ ಅವೆನ್ಯೂ ಕಾಲುವೆಗಳ ಗೋಡೆಗಳು ನೀರು ನೆತ್ತಿಗೇರುವ ಮೊದಲೇ ಉರುಳಿದವು. ನೀರಿನ ಒತ್ತಡಕ್ಕೆ ಗೋಡೆ ತುಸು ವಾಲಿ, ಬುಡದಲ್ಲಿ ಬಿರುಕು ಬಿಟ್ಟು, ಆ ಬಿರುಕಿಗೆ ನುಗ್ಗಿದ ನೀರು ಕೆಳಗಿನ ಮೆತ್ತನೆ ಮಣ್ಣಿನ ಸಮೇತ ಗೋಡೆಯನ್ನು ತಳ್ಳಿತ್ತು. ಕುಸಿಯುತ್ತಿದ್ದ ನೆಲದ ಮಟ್ಟವನ್ನು ಸರಿಯಾಗಿ ಲೆಕ್ಕ ಹಾಕದ ಕಾರಣ ಕೆಲವು ಗೋಡೆಗಳು ಇರಬೇಕಾದ ಎತ್ತರವನ್ನೂ ಮುಟ್ಟಿರಲಿಲ್ಲ.

ಒಡೆದ ಕಾಲುವೆಗಳನ್ನು ಮುಚ್ಚಲು ಬಂದವರೂ ಅದೇ ದಳದವರು. ಹೆಲಿಕಾಪ್ಟರ್‌ಗಳು ಭಾರಿ ಮರಳಿನ ಚೀಲಗಳನ್ನು ಇಳಿಸಿದವು. ಸೆಪ್ಟೆಂಬರ್ ಕೊನೆಗೆ ರೀಟಾ ಚಂಡಮಾರುತ ಮತ್ತೆ ಕೆಲವು ಬಡಾವಣೆಗಳನ್ನು ಮುಳುಗಿಸಿದರೂ ಅಕ್ಟೋಬರ್ 11ರ ಹೊತ್ತಿಗೆ ನಗರದ ನೀರು ಖಾಲಿಯಾಗಿತ್ತು. ಸೂರು ಹಾನಿಗೊಂಡ ಮನೆಗಳಿಗೆ ಉಚಿತವಾಗಿ ನೀಲಿ ಪ್ಲಾಸ್ಟಿಕ್ ಹೊದಿಸುವ ಕೆಲಸವೂ ದಳದ್ದೇ. ಇಷ್ಟನ್ನು ಮಾಡಿದವರ ದುಡಿಮೆ ದೊಡ್ಡದು, ಸಂಶಯವಿಲ್ಲ. ಆದರೆ ಆ ದುಡಿಮೆ ಮೊದಲಿನ ತಪ್ಪನ್ನು ತೊಳೆಯುವುದಿಲ್ಲ. 2006ರ ಜೂನ್‌ನಲ್ಲಿ ದಳದ ಆಗಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಕಾರ್ಲ್ ಸ್ಟ್ರಾಕ್ ವಿನ್ಯಾಸದ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಸಂತ್ರಸ್ತರಿಗೆ ನ್ಯಾಯಾಲಯದಲ್ಲಿ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. ಪ್ರವಾಹದ ನಷ್ಟಕ್ಕೆ ಕೇಂದ್ರ ಸರ್ಕಾರವನ್ನು ಹೊಣೆಯಾಗಿಸದ 1928ರ ಕಾಯ್ದೆ ಅಡ್ಡ ಬಂತು. 2008ರಲ್ಲಿ ನ್ಯಾಯಾಧೀಶರು ದಳವನ್ನು ಕಟುವಾಗಿ ಟೀಕಿಸಿಯೂ ಕಾಲುವೆ ಗೋಡೆಗಳ ದಾವೆಯನ್ನು ವಜಾ ಮಾಡಬೇಕಾಯಿತು.

2017ರಲ್ಲಿ ಪೋರ್ಟೊ ರಿಕೊ ಬೇರೆ ಬಗೆಯ ಪರೀಕ್ಷೆ ಒಡ್ಡಿತು. ಮರಿಯಾ ಚಂಡಮಾರುತ ಇಡೀ ದ್ವೀಪದ ವಿದ್ಯುತ್ ಜಾಲವನ್ನು ಕೆಡವಿತ್ತು. ಜನರೇಟರ್ ಹೂಡುವುದು ದಳಕ್ಕೆ ಹಳೆಯ ಅಭ್ಯಾಸ; ಇಡೀ ಜಾಲವನ್ನು ಎಬ್ಬಿಸುವ ಹೊಣೆ ಹೊಸದು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲವೂ ಸಮುದ್ರ ದಾಟಿ ಬರಬೇಕಿತ್ತು. ಗುಡ್ಡಗಾಡಿನ ಕೊನೆಯ ಮನೆಗಳಿಗೆ ಬೆಳಕು ಬರಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು.

ಇತ್ತ ನ್ಯೂ ಆರ್ಲಿಯನ್ಸ್‌ನಲ್ಲಿ ಸುಮಾರು 1,450 ಕೋಟಿ ಡಾಲರ್ ವೆಚ್ಚದಲ್ಲಿ ಒಡ್ಡು, ಬಾಗಿಲು, ಪಂಪುಗಳ ಹೊಸ ವ್ಯವಸ್ಥೆ ಬಂತು. ಬೋರ್ನ್ ಸರೋವರದ ಕಡೆಯಿಂದ ನುಗ್ಗುವ ನೀರನ್ನು ತಡೆಯಲು ಸುಮಾರು ಮೂರು ಕಿಲೋಮೀಟರ್ ಉದ್ದದ ತಡೆಗೋಡೆ ಎದ್ದಿತು. ಕತ್ರೀನಾ ಬಂದ ಸರಿಯಾಗಿ ಹದಿನಾರು ವರ್ಷದ ನಂತರ, ಅದೇ ಆಗಸ್ಟ್ 29ರಂದು, ಐಡಾ ಚಂಡಮಾರುತ ಬಂದಾಗ ಈ ಹೊಸ ವ್ಯವಸ್ಥೆ ತಡೆದು ನಿಂತಿತು. ನಗರದ ಪಶ್ಚಿಮಕ್ಕಿರುವ ಲಾಪ್ಲೇಸ್ ಪಟ್ಟಣ ಮಾತ್ರ ಆ ವ್ಯವಸ್ಥೆಯ ಹೊರಗಿತ್ತು. ಅಲ್ಲಿಗೊಂದು ಒಡ್ಡು ಬೇಕೆಂಬ ಅಧ್ಯಯನ 1970ರ ದಶಕದಲ್ಲೇ ಶುರುವಾಗಿದ್ದರೂ ಐಡಾ ಬಂದಾಗ ಕಾಮಗಾರಿ ಇನ್ನೂ ಆರಂಭದ ಹಂತದಲ್ಲಿತ್ತು. ಅಲ್ಲಿನ ಮನೆಗಳಿಗೆ ನೀರು ನುಗ್ಗಿ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ದಳದವರು ಮತ್ತೆ ನೀಲಿ ಪ್ಲಾಸ್ಟಿಕ್ ಹಿಡಿದು ಛಾವಣಿ ಏರಿದರು.